ಎಕ್ಸ್-ರೇ ಸರಿಯಿದೆ ಎಂದು ಸುಮ್ಮನಾಗಬೇಡಿ

ಸಕ್ಕರೆ ಕಾಯಿಲೆಯವರೇ, ನಮಾಝಿಗೆ ವುಝೂ ಮಾಡುವಾಗ ಬೆರಳ ಸಂದು, ಹಿಮ್ಮಡಿಗಳನ್ನು ನೋಡಿಕೊಳ್ಳಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ನೋವು ತಿಳಿಯದು. ಮಾಯದ ಹುಣ್ಣಿನಿಂದ ಸೋಂಕು ಮೂಳೆಗೆ ಇಳಿಯಬಹುದು.

ಮೊದಲು ಎಕ್ಸ್-ರೇ ತೆಗೆಸುವುದು ಸರಿಯೇ. ಆದರೆ ಮೂಳೆಯ ಹಾನಿ ಅದರಲ್ಲಿ ಕಾಣಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಎಂಆರ್‌ಐ ಕೆಲವೇ ದಿನಗಳಲ್ಲಿ ತೋರಿಸಬಲ್ಲದು; ಅದರಲ್ಲಿ ಕ್ಷ-ಕಿರಣವೂ ಇಲ್ಲ. ಹುಣ್ಣು ಮಾಯದಿದ್ದರೆ, ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ಏರಿದ್ದರೆ, ಎಕ್ಸ್-ರೇ ಚೆನ್ನಾಗಿದ್ದರೂ ‘ಎಂಆರ್‌ಐ ಬೇಕೇ?’ ಎಂದು ವೈದ್ಯರನ್ನು ಕೇಳಿ. ಪೇಸ್‌ಮೇಕರ್ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಿ.

ನವಲಿಯಿಂದ ಗಂಗಾವತಿಗೋ ಕೊಪ್ಪಳಕ್ಕೋ ಹೋಗಿ ಬರುವುದು, ಪರೀಕ್ಷೆಯ ಖರ್ಚು ಎರಡೂ ಭಾರವೇ. ಕಾಲು ಕಳೆದುಕೊಳ್ಳುವುದು ಅದಕ್ಕಿಂತ ಭಾರ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು, ತಡಮಾಡಬೇಡಿ.