ಏರಿ ನಿಮ್ಮದು, ಕೆಳಗಿನ ಊರು ಯಾರದು?

ಸ್ವಂತ ಜಾಗದ ಹಳ್ಳಕ್ಕೆ ಮಣ್ಣಿನ ಏರಿ ಹಾಕಿ, ನಿಂತ ನೀರಿನಲ್ಲಿ ದೋಣಿ ಬಿಟ್ಟುಕೊಂಡರೆ ಸರ್ಕಾರಕ್ಕೇಕೆ ಉಸಾಬರಿ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಈ ವಾದಕ್ಕೆ ಬಲ ಹೆಚ್ಚು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಅಣೆಕಟ್ಟುಗಳು ಖಾಸಗಿಯವರವು. ಉತ್ತರವೂ ಅಲ್ಲೇ ಇದೆ.

ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಏರಿ 1879ರಲ್ಲಿ ಸಿರಿವಂತರ ಮೀನುಗಾರಿಕೆ ಕ್ಲಬ್ಬಿನ ಕೈಗೆ ಬಂತು. ಉಕ್ಕಿನ ಉದ್ಯಮಿಗಳಾದ ಕಾರ್ನೆಗಿ, ಫ್ರಿಕ್ ಅದರ ಸದಸ್ಯರು. ಹಿಂದಿನ ಮಾಲೀಕ ತೂಬಿನ ಕಬ್ಬಿಣದ ಕೊಳವೆಗಳನ್ನು ಕಿತ್ತು ಮಾರಿದ್ದ. ಕ್ಲಬ್ಬು ಮತ್ತೆ ಹಾಕಿಸಲಿಲ್ಲ. ಸಾರೋಟು ಓಡಾಡಲೆಂದು ಏರಿಯನ್ನೇ ತಗ್ಗಿಸಿತು. ದುಡ್ಡು ಕೊಟ್ಟು ತಂದುಬಿಟ್ಟ ಮೀನು ಕೊಚ್ಚಿಹೋಗದಿರಲೆಂದು ಕೋಡಿಗೆ ಜಾಲರಿ ಬಿಗಿಯಿತು. ತೂಬಿಲ್ಲ, ಕೋಡಿ ಕಟ್ಟಿದೆ, ಏರಿ ತಗ್ಗಿದೆ ಎಂದರೆ ಮುಂದೇನೆಂದು ನಮ್ಮ ಯಾವ ನೀರುಗಂಟಿಯೂ ಹೇಳಿಯಾನು. 1889ರ ಮೇ 31ರ ಮಳೆಗೆ ನೀರು ಏರಿ ಹತ್ತಿ ಹರಿಯಿತು, ಏರಿ ಒಡೆಯಿತು. ಜಾನ್‌ಸ್ಟೌನ್ ಸೇರಿ ಕಣಿವೆಯಲ್ಲಿ ಸತ್ತವರು 2,209 ಮಂದಿ. ಕ್ಲಬ್ಬಿನಿಂದ ಒಂದು ಡಾಲರ್ ಪರಿಹಾರವನ್ನೂ ಯಾವ ಕೋರ್ಟೂ ಕೊಡಿಸಲಿಲ್ಲ. ದೈವೇಚ್ಛೆಯಂತೆ! ಜಾಲರಿ ಬಿಗಿದದ್ದು ಯಾವ ದೈವವೋ.

ಅದು ಹಳೆಯ ಕಾಲ ಎನ್ನುವವರು ಜಾರ್ಜಿಯಾದ ಟೊಕ್ಕೋವಾ ನೋಡಲಿ. ಅಲ್ಲಿನ ಕೆಲ್ಲಿ ಬಾರ್ನ್ಸ್ ಅಣೆಕಟ್ಟು 1957ರಲ್ಲಿ ವಿದ್ಯುತ್ ಉತ್ಪಾದನೆ ನಿಲ್ಲಿಸಿ ಬರೀ ವಿಹಾರದ ಕೆರೆಯಾಯಿತು. ಒಡೆತನ ಒಂದು ಬೈಬಲ್ ಕಾಲೇಜಿನದು. ಹೊರಮೈ ಕುಸಿದದ್ದು 1973ರ ಫೋಟೋದಲ್ಲೇ ಕಾಣುತ್ತದೆ. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಅದು ಒಡೆದಾಗ ಕೆಳಗಿನ ಕ್ಯಾಂಪಸ್ಸಿನಲ್ಲಿ 39 ಜನ ಸತ್ತರು, ಅವರಲ್ಲಿ ಮಕ್ಕಳೇ ಹಲವರು.

ಈಗ ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 15 ಮೀಟರಿಗಿಂತ ಎತ್ತರವಿದ್ದರೆ ಸರಿ, ಕಾಯ್ದೆ ಅನ್ವಯಿಸುತ್ತದೆ. 10ರಿಂದ 15 ಮೀಟರಾದರೆ ಅರ್ಧ ಕಿಲೋಮೀಟರ್ ಉದ್ದವೋ 10 ಲಕ್ಷ ಘನ ಮೀಟರ್ ನೀರೋ ಇರಬೇಕು, ಇಲ್ಲವೇ ಅಂಥದೇ ಬೇರೆ ಷರತ್ತಿಗೆ ಸೇರಬೇಕು. ಕೆಲ್ಲಿ ಬಾರ್ನ್ಸ್ ಎತ್ತರ ಸುಮಾರು 12 ಮೀಟರ್, ಉದ್ದ ಸುಮಾರು 120 ಮೀಟರ್, ಒಡೆದಾಗಿನ ನೀರು 8 ಲಕ್ಷ ಘನ ಮೀಟರಿಗೂ ಕಡಿಮೆ. ಈ ಅಳತೆಗಳ ಮಟ್ಟಿಗೆ ಅದು ನಮ್ಮ ಕಾಯ್ದೆಯ ಕಣ್ಣಿಗೇ ಬೀಳುವುದಿಲ್ಲ.

ಎತ್ತರ ಅಳೆಯುವ ಮೊದಲು ಕೆಳಗೆ ಮನೆಗಳಿವೆಯೇ ನೋಡಬೇಕು. ಇದ್ದರೆ ಏರಿ ಎಷ್ಟು ಗಿಡ್ಡವಾದರೂ ನೋಂದಣಿಯಾಗಲಿ. ಮಳೆಗಾಲಕ್ಕೆ ಮುನ್ನ ಎಂಜಿನಿಯರರ ತಪಾಸಣೆ ಮಾಲೀಕರ ಖರ್ಚಿನಲ್ಲೇ ನಡೆಯಲಿ. ಅನುಮತಿಯಿಲ್ಲದೆ ಕೋಡಿ ಮುಟ್ಟುವುದು ಅಪರಾಧವಾಗಲಿ. ರೈತರಿಗೆ ಕಿರುಕುಳವಾಗುತ್ತದೆ ಎಂದು ರೆಸಾರ್ಟಿನವರು ರಾಗ ಎಳೆಯಬಹುದು. ನೆಲ ಅಗೆದು ಮಾಡಿದ ಕೃಷಿ ಹೊಂಡಕ್ಕೆ ಒಡೆಯಲು ಏರಿಯೇ ಇಲ್ಲ. ಈ ನಿಯಮ ಅದರ ತಂಟೆಗೆ ಬರುವುದಿಲ್ಲ.