ಅರ್ಧಕ್ಕೆ ನಿಂತ ಪುಸ್ತಕ ಬ್ಯಾಡ್ ಡೆಟ್ ಅಲ್ಲ

1/8

ಒಂದು ಪ್ರಶ್ನೆ, ನಿಜ ಹೇಳಿ. ನಿಮ್ಮ ಮನೇಲಿ, ಹಾಸ್ಟೆಲ್ ರೂಮಲ್ಲಿ, ಬ್ಯಾಗಿನ ತಳದಲ್ಲಿ ಅರ್ಧ ಓದಿ ಇಟ್ಟ ಪುಸ್ತಕ ಎಷ್ಟಿವೆ?

ಬೋರ್ ಹೊಡೆದು ಬಿಟ್ಟಿದ್ದನ್ನ ಲೆಕ್ಕಕ್ಕೆ ತಗೋಬೇಡಿ. ಅವು ಹೋಗ್ಲಿ. ನಾನು ಕೇಳ್ತಿರೋದು ಚೆನ್ನಾಗಿದ್ದೂ ನಿಂತುಹೋದ ಪುಸ್ತಕಗಳ ಬಗ್ಗೆ. ರಾತ್ರಿ ಎರಡು ಗಂಟೆವರೆಗೂ ಓದಿ, ಮಾರನೇ ದಿನ ಕ್ಯಾಂಟೀನಲ್ಲಿ ಸಿಕ್ಕವರಿಗೆಲ್ಲ ಕಥೆ ಹೇಳಿ, ಆಮೇಲೆ ಇಂಟರ್ನಲ್ಸ್ ಬಂತು ಅಂತ ಎತ್ತಿಟ್ಟು, ಇವತ್ತಿಗೂ ಮತ್ತೆ ತೆಗೆಯದ ಪುಸ್ತಕಗಳು.

ಕನ್ನಡದಲ್ಲಿ ಎರಡು ಮಾತಿದೆ ನೋಡಿ: ‘ಬಿಟ್ಟದ್ದು’ ಮತ್ತು ‘ಬಿಟ್ಟುಹೋದದ್ದು’. ಬಿಟ್ಟದ್ದು ಅಂದ್ರೆ ನೀವೇ ಬೇಡ ಅಂದಿದ್ದು. ಬಿಟ್ಟುಹೋದದ್ದು ಅಂದ್ರೆ ಯಾರೂ ಬೇಡ ಅನ್ನದೇ ಕೈತಪ್ಪಿದ್ದು. ನಾವು ಎರಡನ್ನೂ ಒಂದೇ ಮೂಟೆಗೆ ಕಟ್ಟಿ ಮೂಲೆಗೆ ಎಸೀತಿದ್ದೀವಿ. ಈ ಸರಣಿ ಪೂರ್ತಿ ಅದರ ವಿರುದ್ಧದ ಜಗಳ.

ನನ್ನ ವಾದ ಇಷ್ಟೇ: ಬಿಟ್ಟುಹೋದ ಪುಸ್ತಕಕ್ಕೆ ವಾಪಸ್ ಹೋಗಿ. ಬಿಟ್ಟ ಪುಟಕ್ಕೇ ಹೋಗಿ. ಮೊದಲ ಪುಟಕ್ಕಲ್ಲ.

2/8

ಮೊದಲು ತಪ್ಪು ಯಾರದ್ದು ಅಂತ ಇತ್ಯರ್ಥ ಮಾಡೋಣ.

ನಮ್ಮ ವರ್ಷ ಹೇಗಿದೆ ನೋಡಿ. ಆರು ತಿಂಗಳಿಗೊಂದು ಸೆಮಿಸ್ಟರ್. ಅದರೊಳಗೆ ಇಂಟರ್ನಲ್ಸು, ಅಸೈನ್‌ಮೆಂಟು, ಪ್ರೆಸೆಂಟೇಶನ್ನು, ಫೆಸ್ಟು, ಆಮೇಲೆ ಮೇನ್ ಎಕ್ಸಾಮ್. ಕೆಲವರಿಗೆ ಸಂಜೆ ಪಾರ್ಟ್ ಟೈಮ್ ಕೆಲಸ, ಕೆಲವರಿಗೆ ಜೊತೆಗೆ ಸಿಎ ಫೌಂಡೇಶನ್. ‘ಮಲೆಗಳಲ್ಲಿ ಮದುಮಗಳು’ ಥರದ ದಪ್ಪ ಪುಸ್ತಕ ಈ ಕ್ಯಾಲೆಂಡರಿನ ಯಾವ ಸಂದಿಯಲ್ಲಿ ಹಿಡಿಯುತ್ತೆ ಹೇಳಿ? ಹಿಡಿಯಲ್ಲ. ಮಧ್ಯೆ ನಿಲ್ಲಲೇಬೇಕು. ನಿಂತಿದ್ದು ಸೋಮಾರಿತನ ಅಲ್ಲ, ಟೈಮ್‌ಟೇಬಲ್ಲು.

ಆದ್ರೆ ನಾವು ಹಾಗೆ ಅಂದ್ಕೊಳ್ಳಲ್ಲ. ಪುಸ್ತಕ ನಿಂತ ಎರಡು ತಿಂಗಳಿಗೆ ನಮ್ಮ ಬಾಯಲ್ಲಿ ಬರೋ ಮಾತು ಬೇರೆ: ‘ಏ, ನನಗೆ ಓದೋಕೆಲ್ಲ ಆಗಲ್ಲ ಕಣೋ. ನಾನು ಓದೋ ಪೈಕಿ ಅಲ್ಲ.’

ಈ ಮಾತಿನ ಬಗ್ಗೆಯೇ ನನ್ನ ಸಿಟ್ಟು. ಮುನ್ನೂರು ಪುಟ ಇಷ್ಟಪಟ್ಟು ಓದಿದ ಹುಡುಗಿ ತಾನು ಓದುಗಳೇ ಅಲ್ಲ ಅಂತ ತೀರ್ಪು ಕೊಟ್ಕೊಳ್ತಾಳೆ. ಮನೇಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವೇ ಇಲ್ಲದೆ ಬೆಳೆದು, ಕಾಲೇಜಿಗೆ ಬಂದ ಮೇಲೆ ಮೊದಲ ಕಾದಂಬರಿ ಹಿಡಿದ ಹುಡುಗ ಅದೊಂದು ನಿಂತ ತಕ್ಷಣ ಎಲ್ಲವನ್ನೂ ನಿಲ್ಲಿಸ್ತಾನೆ. ಒಂದು ಪುಸ್ತಕ ಹೋದ್ರೆ ಹೋಗ್ಲಿ ಬಿಡಿ. ಇಲ್ಲಿ ಒಬ್ಬ ಓದುಗನೇ ಹೋಗ್ತಿದ್ದಾನೆ.

ಇದಕ್ಕೆ ಗಾಳಿ ಹಾಕೋರು ಮೂರು ಪಾರ್ಟಿ. ಒಬ್ಬೊಬ್ಬರನ್ನಾಗಿ ನೋಡೋಣ.

3/8

ಮೊದಲನೇ ಪಾರ್ಟಿ: ‘ಮತ್ತೆ ಮೊದಲಿಂದ ಶುರು ಮಾಡ್ಬೇಕು’ ಅನ್ನೋರು.

ಇವರು ಕೆಟ್ಟವರಲ್ಲ, ಶಿಸ್ತಿನವರು. ಅದೇ ಸಮಸ್ಯೆ. ಗ್ಯಾಪ್ ಆಯ್ತಾ? ಹಾಗಾದ್ರೆ ಒಂದನೇ ಪುಟ. ಮತ್ತೆ ಗ್ಯಾಪ್ ಆಯ್ತಾ? ಮತ್ತೆ ಒಂದನೇ ಪುಟ. ಪರಿಣಾಮ ಏನು? ಒಂದೇ ಕಾದಂಬರಿಯ ಮೊದಲ ಎಂಬತ್ತು ಪುಟ ನಾಲ್ಕು ಸಲ ಓದಿರ್ತಾರೆ, ಕೊನೆಯ ಎಂಬತ್ತು ಪುಟ ಒಂದು ಸಲವೂ ಓದಿರಲ್ಲ.

ತೇಜಸ್ವಿಯವರ ‘ಕರ್ವಾಲೊ’ ತಗೊಳ್ಳಿ. 1980ರ ಪುಸ್ತಕ, ದಪ್ಪವೂ ಇಲ್ಲ. ಮಂದಣ್ಣನ ಜೇನು, ಅವನ ಮದುವೆಯ ಫಜೀತಿ ಎಲ್ಲ ಓದಿ ನಕ್ಕು ಅಲ್ಲಿಗೇ ನಿಲ್ಲಿಸಿದವರು ನಮ್ಮ ಕ್ಲಾಸಲ್ಲೇ ಇದ್ದಾರೆ. ಹಾರುವ ಓತಿಯನ್ನ ಹುಡುಕ್ಕೊಂಡು ಎಲ್ಲರೂ ಕಾಡಿಗೆ ಹೊರಡೋದು ಅದಾದ ಮೇಲೆ. ಅಂದ್ರೆ ಮದುವೆ ಊಟ ಮಾಡಿ, ಪ್ರಯಾಣಕ್ಕೆ ಹೋಗದೇ ಮನೆಗೆ ಬಂದಿದ್ದಾರೆ. ಇವರನ್ನ ಮತ್ತೆ ಮೊದಲ ಪುಟಕ್ಕೆ ಕಳಿಸಿದ್ರೆ ಮತ್ತೆ ಮದುವೆ ಊಟಕ್ಕೇ ಬಂದು ನಿಲ್ತಾರೆ.

ಕ್ರಿಕೆಟ್ ನೋಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಬ್ಯಾಟರ್‌ಗೆ ಪೆಟ್ಟಾಗಿ ರಿಟೈರ್ಡ್ ಹರ್ಟ್ ಅಂತ ಪೆವಿಲಿಯನ್‌ಗೆ ಹೋಗ್ತಾನೆ. ಇನ್ನೊಂದು ವಿಕೆಟ್ ಬಿದ್ದಾಗ ವಾಪಸ್ ಬರಬಹುದು. ಬಂದಾಗ ಅವನ ಸ್ಕೋರ್ ಸೊನ್ನೆಯಿಂದ ಶುರು ಆಗುತ್ತಾ? 43ಕ್ಕೆ ಹೋಗಿದ್ರೆ 43ರಿಂದಲೇ. ಅವನು ಔಟ್ ಆಗಿರಲಿಲ್ಲ ಅಷ್ಟೇ, ಹೊರಗಿದ್ದ.

ನೀವೂ ಔಟ್ ಆಗಿಲ್ಲ. 143ನೇ ಪುಟದಲ್ಲಿ ಹೊರಗೆ ಹೋಗಿದ್ದೀರಿ. 143ಕ್ಕೇ ಬನ್ನಿ.

4/8

ಎರಡನೇ ಪಾರ್ಟಿ: ಲೆಕ್ಕದವರು.

‘ವರ್ಷಕ್ಕೆ 52 ಪುಸ್ತಕ.’ ‘ತಿಂಗಳಿಗೆ 10.’ ಡಿಸೆಂಬರ್ ಕೊನೆ ವಾರ ಸ್ಟೋರಿ ತುಂಬಾ ಪುಸ್ತಕದ ಗೋಪುರ. ನನಗೆ ಗೋಪುರದ ಮೇಲೆ ಜಗಳ ಇಲ್ಲ, ಓದಿದ್ದಾರೆ, ಸಂತೋಷ. ಆದ್ರೆ ಆ ಲೆಕ್ಕದ ನಿಯಮ ನೋಡಿ. ಮುಗಿಸಿದ್ರೆ ಒಂದು, ಮುಗಿಸದಿದ್ರೆ ಸೊನ್ನೆ. ಒಂಬೈನೂರು ಪುಟದ ಪುಸ್ತಕದಲ್ಲಿ ಎಂಟುನೂರು ಪುಟ ಓದಿದವರಿಗೆ ಸೊನ್ನೆ, ಅರವತ್ತು ಪುಟದ್ದು ಮುಗಿಸಿದವರಿಗೆ ಒಂದು.

ಇಂಥ ಲೆಕ್ಕದಲ್ಲಿ ಹಳೇ ಪುಸ್ತಕಕ್ಕೆ ಯಾರು ವಾಪಸ್ ಹೋಗ್ತಾರೆ? ಹೊಸದೊಂದು ಸಣ್ಣದು ಹಿಡಿದ್ರೆ ಬೇಗ ‘ಒಂದು’ ಆಗುತ್ತೆ. ಹಾಗಾಗಿ ಮನಸ್ಸಿಗೆ ಹಿಡಿಸಿದ ದೊಡ್ಡ ಪುಸ್ತಕ ಅಟ್ಟ ಸೇರುತ್ತೆ, ನಂಬರಿಗೆ ಬೇಕಾದ್ದು ಕೈಗೆ ಬರುತ್ತೆ.

ನಾವು ಬಿಕಾಂನವರು, ಈ ಲೆಕ್ಕವನ್ನ ಒಪ್ಪಿಕೊಂಡ್ರೆ ನಮಗೇ ಅವಮಾನ. ಫ್ಯಾಕ್ಟರಿಯಲ್ಲಿ ಅರ್ಧ ತಯಾರಾದ ಮಾಲನ್ನ ಏನು ಮಾಡ್ತೀವಿ? ಎಸೀತೀವಾ? ವರ್ಕ್ ಇನ್ ಪ್ರೋಗ್ರೆಸ್ ಅಂತ ಇನ್ವೆಂಟರಿಯಲ್ಲಿ ಸೇರಿಸಿ ಬ್ಯಾಲೆನ್ಸ್ ಶೀಟಿನ ಅಸೆಟ್ಸ್ ಕಡೆ ತೋರಿಸ್ತೀವಿ. ಮುಗಿದಿಲ್ಲ ಅಂದ ಮಾತ್ರಕ್ಕೆ ಅದರ ಬೆಲೆ ಸೊನ್ನೆ ಆಗಲ್ಲ. ಬ್ಯಾಡ್ ಡೆಟ್ ಅಂತ ಬರೆದು ಹಾಕೋದು ಇನ್ನು ವಸೂಲಾಗಲ್ಲ ಅಂತ ಖಾತ್ರಿ ಆದ ಸಾಲವನ್ನ.

ನಿಮ್ಮ ಅರ್ಧ ಓದಿದ ಪುಸ್ತಕ ವಸೂಲಾಗದ ಸಾಲ ಅಲ್ಲ. ಮುಗಿಯೋಕೆ ಕಾಯ್ತಿರೋ ಮಾಲು.

5/8

ಮೂರನೇ ಪಾರ್ಟಿ ಜಾಣರದ್ದು: ‘ಜೀವನ ಸಣ್ಣದು, ಬಿಟ್ಟ ಪುಸ್ತಕಕ್ಕೆ ಅಂಟ್ಕೋಬೇಡ, ಮುಂದೆ ಹೋಗು.’

ಇವರ ಮಾತಲ್ಲಿ ಅರ್ಧ ಸತ್ಯ ಇದೆ, ಅದನ್ನ ಕೊಟ್ಟುಬಿಡೋಣ. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಬರೆದ ಪುಸ್ತಕವೊಂದರಲ್ಲಿ ಓದುಗರಿಗೆ ಹತ್ತು ಹಕ್ಕು ಕೊಟ್ಟ. ಅದರಲ್ಲಿ ಪುಟ ಹಾರಿಸೋ ಹಕ್ಕೂ ಇದೆ, ಮುಗಿಸದೇ ಇರೋ ಹಕ್ಕೂ ಇದೆ. ಅಮೆರಿಕದ ಲೈಬ್ರೇರಿಯನ್ ನ್ಯಾನ್ಸಿ ಪರ್ಲ್ 50 ಪುಟದ ನಿಯಮ ಹೇಳಿದ್ರು: ಐವತ್ತು ಪುಟ ಓದಿ, ಹಿಡಿಸದಿದ್ರೆ ಬಿಡಿ. ಎರಡಕ್ಕೂ ನನ್ನ ಓಟು ಇದೆ. ಹಿಡಿಸದ ಪುಸ್ತಕವನ್ನ ಹಲ್ಲು ಕಚ್ಚಿ ಮುಗಿಸೋದರಲ್ಲಿ ಯಾವ ಪುಣ್ಯವೂ ಇಲ್ಲ.

ಆದ್ರೆ ಅವೆಲ್ಲ ಹಿಡಿಸದ ಪುಸ್ತಕದಿಂದ ಪಾರಾಗೋಕೆ ಇರೋ ಬಾಗಿಲು. ಹಿಡಿಸಿದ ಪುಸ್ತಕಕ್ಕೂ ಅದನ್ನೇ ತೋರಿಸಿದ್ರೆ ಹೇಗೆ?

ಇಲ್ಲಿ ಯಾರಾದ್ರೂ ‘ಸಂಕ್ ಕಾಸ್ಟ್’ ಅಂತಾರೆ. ಆಗಿಹೋದ ಖರ್ಚನ್ನ ನೋಡಿ ತೀರ್ಮಾನ ತಗೋಬಾರದು ಅಂತ. ಸರಿ, ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ನಮಗೂ ಇದೆ. ಆ ಪಾಠವನ್ನ ಪೂರ್ತಿ ಓದೋಣ. ಹಿಂದಿನದನ್ನ ನೋಡಬೇಡ, ಇನ್ನು ಮುಂದೆ ಆಗೋ ಖರ್ಚೆಷ್ಟು, ಇನ್ನು ಮುಂದೆ ಸಿಗೋದೆಷ್ಟು ಅಂತ ನೋಡು ಅನ್ನುತ್ತೆ ಅದು.

ಲೆಕ್ಕ ಹಾಕಿ. ಐನೂರು ಪುಟದ ಕಾದಂಬರಿ, ಮುನ್ನೂರು ಆಗಿದೆ. ಮುಂದಿನ ಖರ್ಚು ಬರೀ ಇನ್ನೂರು ಪುಟ. ಸಿಗೋದೇನು? ಆ ಮುನ್ನೂರು ಪುಟ ಯಾವುದಕ್ಕೆ ಸಿದ್ಧ ಮಾಡ್ತಿತ್ತೋ ಅದು. ಹೊಸ ಪುಸ್ತಕದಲ್ಲಿ ಇದೇ ಜಾಗಕ್ಕೆ ಬರೋಕೆ ಇನ್ನೂ ಮುನ್ನೂರು ಪುಟ ಓದಬೇಕು.

ಇನ್ನೊಂದು ವಿಷಯ ಈ ಜಾಣರು ಹೇಳಲ್ಲ. ಎಂಟು ತಿಂಗಳು ಮುಟ್ಟಲಿಲ್ಲ ಅನ್ನೋ ನಾಚಿಕೆ ಇದೆಯಲ್ಲ, ಅದೂ ಸಂಕ್ ಕಾಸ್ಟೇ. ಆಗಿಹೋಯ್ತು. ಇವತ್ತಿನ ತೀರ್ಮಾನದಲ್ಲಿ ಅದಕ್ಕೂ ಜಾಗ ಇಲ್ಲ.

6/8

ಬಿಟ್ಟು ಹಿಡಿಯೋದು ನಮಗೇನು ಹೊಸದಾ?

ಗಮಕ ನೆನಪಿಸಿಕೊಳ್ಳಿ. ಒಬ್ಬರು ಓದೋರು, ಒಬ್ಬರು ಅರ್ಥ ಹೇಳೋರು. ಗದುಗಿನ ಭಾರತವನ್ನ ಒಂದೇ ರಾತ್ರಿ ಯಾರೂ ಮುಗಿಸ್ತಿರಲಿಲ್ಲ. ಇವತ್ತಿಗೆ ಇಷ್ಟು, ಉಳಿದದ್ದು ನಾಳೆ. ಮಧ್ಯೆ ಎರಡು ದಿನ ತಪ್ಪಿಸಿಕೊಂಡವನು ಬಂದು ಹಿಂದಿನ ಸಾಲಲ್ಲಿ ಕೂತು ಪಕ್ಕದವನನ್ನ ‘ಎಲ್ಲಿಗೆ ಬಂತು?’ ಅಂತ ಕೇಳ್ತಿದ್ದ. ‘ನೀನು ಆದಿಪರ್ವದಿಂದ ಕೇಳು ಹೋಗು’ ಅಂತ ಯಾರಾದ್ರೂ ಎಬ್ಬಿಸಿ ಕಳಿಸ್ತಿದ್ರಾ?

ಅಷ್ಟೇಕೆ, ಕುಮಾರವ್ಯಾಸನೇ ಬರೆದದ್ದು ಹತ್ತು ಪರ್ವ. ಉಳಿದದ್ದನ್ನ ಆಮೇಲೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ. ಅವನೂ ಬಿಟ್ಟ ಕಡೆಯಿಂದಲೇ ಹಿಡಿದ. ಬರೆಯೋರೇ ಹಾಗೆ ಮಾಡಿರುವಾಗ ಓದೋರಾದ ನಮಗೇನು ಮಡಿ?

ಆಮೇಲೆ ವಾರಪತ್ರಿಕೆಗಳ ಕಾಲ ಬಂತು. ‘ಸುಧಾ’ ಶುರುವಾಗಿದ್ದು 1965ರಲ್ಲಿ, ‘ತರಂಗ’ 1983ರಲ್ಲಿ. ನಮ್ಮ ಅಜ್ಜಿಯರು, ಅಮ್ಮಂದಿರು ಎಷ್ಟೋ ಕಾದಂಬರಿ ಓದಿದ್ದು ಧಾರಾವಾಹಿಯಾಗಿ. ವಾರಕ್ಕೊಂದು ಕಂತು, ಮಧ್ಯೆ ಏಳು ದಿನ ಅಡುಗೆ, ಬಟ್ಟೆ, ಮಕ್ಕಳು, ಹೊಲ. ಪಕ್ಕದ ಮನೆಯವರು ಪತ್ರಿಕೆ ಕೊಡದಿದ್ರೆ ಒಂದು ಕಂತು ಹೋಯ್ತು. ಆದ್ರೂ ಮುಂದಿನ ವಾರ ಓದಿದ್ರು. ಅವರು ಯಾರೂ ‘ನಾನು ಓದೋ ಪೈಕಿ ಅಲ್ಲ’ ಅಂತ ಹೇಳಿದ್ದು ನಾನಂತೂ ಕೇಳಿಲ್ಲ.

ಕೆಲವು ಪುಸ್ತಕಗಳಂತೂ ವಾಪಸ್ ಬರೋರಿಗೆ ಬಾಗಿಲು ತೆಗೆದೇ ಇಟ್ಟಿರ್ತವೆ. ಭೈರಪ್ಪನವರ ‘ಪರ್ವ’ ನೋಡಿ, 1979ರದ್ದು. ಒಮ್ಮೆ ಕುಂತಿಯ ಮನಸ್ಸಿನಲ್ಲಿ, ಒಮ್ಮೆ ಭೀಮನ, ಒಮ್ಮೆ ದ್ರೌಪದಿಯ ಮನಸ್ಸಿನಲ್ಲಿ ಕಥೆ ಸಾಗುತ್ತೆ. ಮಹಾಭಾರತದ ಕಥೆ ನಮಗೆ ಗೊತ್ತೇ ಇದೆ. ಭೀಮನ ಹತ್ತಿರ ನಿಂತುಹೋಗಿದ್ರೆ ಭೀಮನ ಹತ್ತಿರಾನೇ ಎದ್ದು ಹೊರಡಬಹುದು.

7/8

‘ಅಯ್ಯೋ, ಯಾರು ಯಾರೋ ಮರೆತೇಹೋಗಿದೆ’ ಅಂತೀರಾ?

ಹಾಸ್ಟೆಲ್ಲಿಂದ ಎರಡು ತಿಂಗಳ ಮೇಲೆ ಮನೆಗೆ ಹೋಗ್ತೀರಿ. ರಾತ್ರಿ ಅಮ್ಮನ ಪಕ್ಕ ಕೂತು ಸೀರಿಯಲ್ ನೋಡ್ತೀರಿ. ಹತ್ತು ನಿಮಿಷದಲ್ಲಿ ಯಾರು ಯಾರ ಮೇಲೆ ಸಂಚು ಮಾಡ್ತಿದ್ದಾರೆ ಅನ್ನೋದು ಗೊತ್ತಾಗುತ್ತೆ ತಾನೇ? ಅದೇ ತಲೆ ಪುಸ್ತಕಕ್ಕೂ ಸಾಕು.

ಬಿಟ್ಟ ಕೆಲಸಕ್ಕೆ ಮರಳೋದು ಮನುಷ್ಯನ ಸ್ವಭಾವದಲ್ಲೂ ಇದೆ. 1928ರಲ್ಲಿ ಮರಿಯಾ ಓವ್ಸಿಯಾಂಕಿನಾ ಅನ್ನೋ ಮನಶ್ಶಾಸ್ತ್ರಜ್ಞೆ ಒಂದು ಅಧ್ಯಯನ ಪ್ರಕಟಿಸಿದ್ರು. ಒಂದು ಕೆಲಸ ಮಾಡ್ತಿರೋರನ್ನ ಅರ್ಧಕ್ಕೆ ತಡೆದು, ಆಮೇಲೆ ಸುಮ್ಮನೆ ಬಿಟ್ಟು ನೋಡಿದ್ರೆ, ಯಾರೂ ಹೇಳದೇ ಇದ್ರೂ ಬಹುತೇಕರು ಅದೇ ಕೆಲಸಕ್ಕೆ ಕೈ ಹಾಕ್ತಿದ್ರು. ಆ ಎಳೆತ ನಿಮ್ಮೊಳಗೂ ಇದೆ. ಆ ಪುಸ್ತಕದ ಹೆಸರು ಕೇಳಿದಾಗಲೆಲ್ಲ ‘ಛೇ, ಅದನ್ನ ಮುಗಿಸಬೇಕಿತ್ತು’ ಅನ್ನಿಸುತ್ತಲ್ಲ, ಅದೇ.

ಹೇಗೆ ಮರಳೋದು? ಸರಳ.

• ಬಿಟ್ಟ ಪುಟದಿಂದ ಹತ್ತು ಪುಟ ಹಿಂದೆ ಹೋಗಿ. ಹತ್ತೇ. ನೂರಲ್ಲ.

• ಒಂದು ಚೀಟಿಯಲ್ಲಿ ನೆನಪಿರೋ ಪಾತ್ರಗಳ ಹೆಸರು ಬರೀರಿ. ನೆನಪಾಗದವರು ಓದ್ತಾ ಓದ್ತಾ ತಾವೇ ಬರ್ತಾರೆ.

• ಅದೇ ಪುಸ್ತಕ ಓದಿದ ಫ್ರೆಂಡ್ ಇದ್ರೆ ಕೇಳಿ: ‘ಮಗಾ, ಇಲ್ಲಿವರೆಗಿನ ಕಥೆ ಐದು ನಿಮಿಷದಲ್ಲಿ ಹೇಳು.’ ಖುಷಿಯಿಂದ ಹೇಳ್ತಾರೆ. ಕೊನೆ ಹೇಳಬೇಡ ಅಂತ ಮೊದಲೇ ಬಾಯಿ ಕಟ್ಟಿ.

• ಮೊದಲ ಕಾಲು ಗಂಟೆ ಸಪ್ಪೆ ಅನ್ನಿಸುತ್ತೆ. ತಣ್ಣಗಾದ ಸಾರು ಬಿಸಿ ಆಗೋಕೂ ಸ್ವಲ್ಪ ಹೊತ್ತು ಬೇಕು. ಆ ಕಾಲು ಗಂಟೆ ಫೋನ್ ಬೇರೆ ರೂಮಲ್ಲಿರಲಿ.

• ಲೈಬ್ರರಿ ಪುಸ್ತಕ ಆಗಿದ್ರೆ ಪುಟದ ನಂಬರ್ ಬರೆದಿಟ್ಟು ವಾಪಸ್ ಕೊಡಿ, ರಜೆಯಲ್ಲಿ ಮತ್ತೆ ತಗೊಳ್ಳಿ. ಪುಟದ ಮೂಲೆ ಮಾತ್ರ ಮಡಚಬೇಡಿ, ಅದು ಇನ್ನೊಂದು ಜಗಳದ ವಿಷಯ.

8/8

ಕೊನೆಗೆ ಒಂದು ಪ್ರಾಮಾಣಿಕ ಮಾತು. ವಾಪಸ್ ಹೋದ ಪ್ರತಿ ಪುಸ್ತಕವೂ ಮೊದಲಿನಷ್ಟೇ ಹಿಡಿಸುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಪಿಯುಸಿಯಲ್ಲಿ ಹುಚ್ಚು ಹಿಡಿಸಿದ್ದು ಈಗ ಸಾದಾ ಅನ್ನಿಸಬಹುದು. ಅನ್ನಿಸಿದ್ರೆ ಮುಚ್ಚಿಡಿ. ಆಗ ಅದು ‘ಬಿಟ್ಟದ್ದು’ ಆಗುತ್ತೆ, ‘ಬಿಟ್ಟುಹೋದದ್ದು’ ಅಲ್ಲ. ತೀರ್ಮಾನ ಮಾಡಿದ್ದು ನೀವು, ಎಕ್ಸಾಮ್ ಟೈಮ್‌ಟೇಬಲ್ ಅಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ಆಗ ಅರ್ಥ ಆಗದ ಅಪ್ಪನ ಪಾತ್ರ ಈಗ ಅರ್ಥ ಆಗಬಹುದು. ಆಗ ಹಾರಿಸಿದ ಮಳೆಯ ವರ್ಣನೆಯಲ್ಲಿ ಈಗ ನಿಲ್ಲಬೇಕು ಅನ್ನಿಸಬಹುದು. ಮಧ್ಯೆ ಕಳೆದ ಒಂದು ವರ್ಷ ಪುಸ್ತಕದಲ್ಲಿ ಏನನ್ನೂ ಬದಲಿಸಿಲ್ಲ. ನಿಮ್ಮನ್ನ ಬದಲಿಸಿದೆ. ಆ ಬದಲಾವಣೆ ಹಿಡ್ಕೊಂಡೇ ಉಳಿದ ಪುಟಗಳನ್ನ ಓದ್ತೀರಿ. ಒಂದೇ ಉಸಿರಿಗೆ ಮುಗಿಸಿದವರಿಗೆ ಅದು ಸಿಗಲ್ಲ.

ಹಾಗಾಗಿ ಈ ಸೆಮಿಸ್ಟರ್ ರಜೆಗೆ ಹೊಸ ಪುಸ್ತಕದ ಲಿಸ್ಟ್ ಮಾಡಬೇಡಿ. ಮನೆಯ ಅಟ್ಟ, ಕಪಾಟು, ಹಾಸಿಗೆ ಕೆಳಗೆ ಹುಡುಕಿ. ಮಧ್ಯದಲ್ಲಿ ಬಸ್ ಟಿಕೆಟ್ಟೋ ಚಾಕಲೇಟ್ ಕವರ್ರೋ ಸಿಕ್ಕಿಸಿದ ಪುಸ್ತಕ ಒಂದಾದ್ರೂ ಸಿಗುತ್ತೆ. ಆ ಟಿಕೆಟ್ ಇಟ್ಟಿದ್ದು ನೀವೇ. ವಾಪಸ್ ಬರ್ತೀನಿ ಅಂತಾನೇ ಇಟ್ಟಿದ್ದು.

ಕಮೆಂಟಲ್ಲಿ ಎರಡೇ ವಿಷಯ ಬರೀರಿ: ಪುಸ್ತಕದ ಹೆಸರು, ನಿಂತ ಪುಟದ ನಂಬರ್. ಯಾಕೆ ನಿಂತಿತು ಅಂತ ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ‘ನಾನು ಓದೋ ಪೈಕಿ ಅಲ್ಲ’ ಅಂತ ಹೇಳ್ಕೊಂಡು ಓಡಾಡೋ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ. ಅವರು ಇನ್ನೂ ಔಟ್ ಆಗಿಲ್ಲ ಅಂತ ಹೇಳಿ.

#ಬಿಟ್ಟಪುಟದಿಂದ #ಅರ್ಧಓದಿದಪುಸ್ತಕ #ಕನ್ನಡಓದು #ಬಿಕಾಂಓದುಗರು