ವಿಮಾ ಪಾಲಿಸಿಗಳ ಹೋಲಿಕೆ ನಮ್ಮ ಭಾಷೆಯಲ್ಲಿರಲಿ, ನಮ್ಮೂರಿನ ಲೆಕ್ಕಕ್ಕೆ ಬರಲಿ: ವಡಗೇರಾ ತಾಲ್ಲೂಕಿನವರ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್.

ಮುಖಾಂತರ: ಮಾನ್ಯ ತಹಶೀಲ್ದಾರರು, ವಡಗೇರಾ ಹಾಗೂ ಮಾನ್ಯ ಜಿಲ್ಲಾಧಿಕಾರಿಗಳು, ಯಾದಗಿರಿ.

ಇವರಿಂದ: ವಡಗೇರಾ ತಾಲ್ಲೂಕಿನ ರೈತರು, ಸಣ್ಣ ವ್ಯಾಪಾರಿಗಳು, ವಾಹನ ಮಾಲೀಕರು ಮತ್ತು ನಾಗರಿಕರು.

ವಿಷಯ: ಅಂತರ್ಜಾಲದಲ್ಲಿ ವಿಮೆಯ ದರ ಹೋಲಿಸಿ ಪಾಲಿಸಿ ಮಾರುವ ತಾಣಗಳು ಮತ್ತು ಬಿಮಾ ಸುಗಮ್ ಎಂಬ ವಿಮಾ ಮಾರುಕಟ್ಟೆ ವೇದಿಕೆಯಲ್ಲಿ ಕನ್ನಡ, ಆಸ್ಪತ್ರೆಗಳ ದೂರ ಹಾಗೂ ಕಮಿಷನ್ ವಿವರಗಳನ್ನು ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಶಹಾಪುರದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ವಡಗೇರಾ ಹತ್ತಿ, ತೊಗರಿ ಬೆಳೆಯುವ ಸೀಮೆ. ಕಾಲುವೆ ನೀರು ಮುಟ್ಟುವಲ್ಲಿ ಭತ್ತ. ವಿಮೆಯ ಕೆಲಸವೆಂದರೆ ಯಾದಗಿರಿಗೋ ಶಹಾಪುರಕ್ಕೋ ಬಸ್ ಹತ್ತುವುದು ಇಲ್ಲಿನ ರೂಢಿ. ಈಗ ಆ ಕೆಲಸ ಮೊಬೈಲಿಗೆ ಬಂದಿದೆ. ಮನೆಯ ಹುಡುಗನೋ ಆನ್‌ಲೈನ್ ಸೆಂಟರಿನವನೋ ಹತ್ತಾರು ಕಂಪನಿಗಳ ಪ್ರೀಮಿಯಂ ಒಂದೇ ಪರದೆಯಲ್ಲಿ ತೆಗೆದು ತೋರಿಸುತ್ತಾನೆ. ಇದನ್ನು ನಾವು ವಿರೋಧಿಸುತ್ತಿಲ್ಲ. ಒಬ್ಬನೇ ಏಜೆಂಟ್ ಹೇಳಿದ್ದೇ ವೇದವಾಗಿದ್ದ ಕಾಲಕ್ಕಿಂತ ಇದು ಮೇಲು. ಹಾಗೆ ನೋಡಿದರೆ ಮನೆಗೆ ಬೇಕಾದ ಹಲವು ಸೇವೆಗಳಲ್ಲಿ ನಮಗೆ ಹೋಲಿಸುವ ಅವಕಾಶವೇ ಇಲ್ಲ. ಕರೆಂಟ್ ಕೊಡುವುದು ಜೆಸ್ಕಾಂ ಒಂದೇ. ಬ್ರಿಟನ್ನಿನಲ್ಲಿ ಮನೆಯವರು ವಿದ್ಯುತ್ ಕಂಪನಿಯನ್ನೇ ಬದಲಿಸಬಹುದು, ಅದಕ್ಕಾಗಿ ಇರುವ ಹೋಲಿಕೆ ತಾಣಗಳಿಗೆ ಅಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ನಡವಳಿಕೆ ಸಂಹಿತೆಯನ್ನೂ ಮಾಡಿದೆ. ನಮಗೆ ಆಯ್ಕೆಯೆಂದು ಉಳಿದಿರುವುದು ಮೊಬೈಲ್ ರೀಚಾರ್ಜ್, ಡಿಟಿಎಚ್ ಮತ್ತು ವಿಮೆ. ರೀಚಾರ್ಜಿನಲ್ಲಿ ಮೋಸ ಹೋದರೆ ಒಂದು ತಿಂಗಳಿಗೆ ಮುಗಿಯಿತು. ವಿಮೆಯ ಮೋಸ ಗೊತ್ತಾಗುವುದು ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ ನಿಂತಾಗ.

ನಮ್ಮ ಮುಖ್ಯ ತಕರಾರು ಅಲ್ಲಿಯದೇ. ಈ ತಾಣಗಳು ಪಾಲಿಸಿಗಳನ್ನು ಪ್ರೀಮಿಯಂ ಲೆಕ್ಕದಲ್ಲಿ ಜೋಡಿಸುತ್ತವೆ. ವಡಗೇರಾದವರಿಗೆ ಆ ಅಳತೆ ಸಾಲದು. ಆರೋಗ್ಯ ವಿಮೆ ಮಾರುವ ಹಲವು ಕಂಪನಿಗಳು ದೇಶವನ್ನು ವಲಯಗಳಾಗಿ ವಿಂಗಡಿಸಿ ದರ ಕಟ್ಟುತ್ತವೆ. ನಮ್ಮ ಪಿನ್‌ಕೋಡ್ ಹಾಕಿದರೆ ಸಣ್ಣ ಊರಿನ ಅಗ್ಗದ ದರ ಕಾಣುತ್ತದೆ, ಖುಷಿಯೂ ಆಗುತ್ತದೆ. ಆದರೆ ನಮ್ಮವರು ಚಿಕಿತ್ಸೆಗೆ ಹೋಗುವುದೆಲ್ಲಿಗೆ? ಯಾದಗಿರಿಯಲ್ಲಿ ಆಗದಿದ್ದರೆ ರಾಯಚೂರು, ಕಲಬುರಗಿ. ಅಲ್ಲಿಯೂ ಆಗದಿದ್ದರೆ ಹೈದರಾಬಾದ್. ನಿಜಾಮರ ಕಾಲದ ನಂಟು ಅದು. ಬೆಂಗಳೂರಿಗಿಂತ ಹತ್ತಿರ ಕೂಡ. ಕೆಳಗಿನ ವಲಯದ ದರದಲ್ಲಿ ಪಾಲಿಸಿ ಕೊಂಡವರು ಮೇಲಿನ ವಲಯದ ನಗರದಲ್ಲಿ ದಾಖಲಾದರೆ ಬಿಲ್ಲಿನ ಒಂದು ಪಾಲನ್ನು ತಾವೇ ಕಟ್ಟಬೇಕೆಂಬ ಷರತ್ತು ಕೆಲವು ಪಾಲಿಸಿಗಳಲ್ಲಿದೆ. ಆ ಪಾಲು ಶೇ 20 ಇದ್ದರೆ 3 ಲಕ್ಷ ರೂಪಾಯಿ ಬಿಲ್ಲಿಗೆ ಕೈಯಿಂದ ಹೋಗುವುದು 60,000. ಕೊಠಡಿ ಬಾಡಿಗೆಯ ಮಿತಿಯದೂ ಇಂಥದೇ ಕಥೆ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1ರ ಮಿತಿ ಇದ್ದರೆ ಸಿಗುವುದು 3,000. ರೋಗಿ 6,000ದ ಕೊಠಡಿಯಲ್ಲಿ ಮಲಗಿದರೆ ಕಡಿತವಾಗುವುದು ಬಾಡಿಗೆಯ ಹೆಚ್ಚುವರಿ ಮಾತ್ರವಲ್ಲ, ಅದಕ್ಕೆ ಹೊಂದಿದ ಇತರ ಶುಲ್ಕಗಳೂ ಅದೇ ಪ್ರಮಾಣದಲ್ಲಿ ಇಳಿಯಬಹುದು. ಹೋಲಿಕೆಯ ಮೊದಲ ಪರದೆಯಲ್ಲಿ ಇವೆಲ್ಲ ಎದ್ದು ಕಾಣುವುದಿಲ್ಲ. ಆದ್ದರಿಂದ ಪ್ರತಿ ಪಾಲಿಸಿಯ ಪಕ್ಕದಲ್ಲೇ, ಪ್ರೀಮಿಯಂ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ, ಗ್ರಾಹಕರ ಊರಿಗೆ ಹತ್ತಿರದ ನಗದುರಹಿತ ಆಸ್ಪತ್ರೆ ಯಾವುದು, ಎಷ್ಟು ಕಿಲೋಮೀಟರ್, ಹೈದರಾಬಾದಿನಲ್ಲಿ ದಾಖಲಾದರೆ ನಮ್ಮ ಪಾಲೆಷ್ಟು, ಕೊಠಡಿ ಮಿತಿಯೆಷ್ಟು ಎಂಬುದನ್ನು ತೋರಿಸಲು ಆದೇಶಿಸಬೇಕು.

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾದರೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಸಿಗುತ್ತದೆ. ಖಾಸಗಿ ಹೋಲಿಕೆ ಪಟ್ಟಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಮಾರಿದರೆ ಲಾಭವಿಲ್ಲದ ಸರಕನ್ನು ಯಾರು ಮುಂದಿಡುತ್ತಾರೆ! ಹಣ ಕಟ್ಟಿಸಿಕೊಳ್ಳುವ ಮೊದಲು ಈ ಯೋಜನೆಗಳ ಮಾಹಿತಿ ಕೊಡುವುದು ಕಡ್ಡಾಯವಾಗಲಿ.

ಬೈಕ್ ವಿಮೆಯ ವಿಷಯ ಬೇರೆ. ಮೂರನೇ ವ್ಯಕ್ತಿಯ ವಿಮೆಯ ದರವನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಯಾವ ಕಂಪನಿಯಲ್ಲಿ ಕೊಂಡರೂ ಇದು ಬದಲಾಗದು. ಹೀಗಿದ್ದೂ ‘ಅಗ್ಗದ ದರ’ ಎಂದು ಜಾಹೀರಾತು ಕೊಟ್ಟು, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕೇಳದ ಸೇರ್ಪಡೆಗಳಿಗೆ ಮೊದಲೇ ಟಿಕ್ ಹಾಕಿಟ್ಟು ಮೊತ್ತ ಏರಿಸುವುದುಂಟು. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಹೇಳದೆ ಬುಟ್ಟಿಗೆ ಸೇರಿಸುವುದು ಅವುಗಳಲ್ಲೊಂದು. ವಿಮಾ ತಾಣಗಳಲ್ಲಿ ಇದು ಪಾಲನೆಯಾಗುತ್ತಿದೆಯೇ ಎಂದು ತಾವೇ ತಪಾಸಣೆ ಮಾಡಿ, ವರದಿಯನ್ನು ಪ್ರಕಟಿಸಬೇಕು. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ದಂಡ ಎಂಬ ಭಯ ಒಂದೇ ನಮ್ಮಲ್ಲಿ ಅನೇಕರನ್ನು ಬೈಕ್ ವಿಮೆಗೆ ತಳ್ಳುತ್ತಿದೆ. ಆ ಭಯದ ಮೇಲೆ ಯಾರೂ ವ್ಯಾಪಾರ ಮಾಡಬಾರದು.

ದರ ನೋಡಬೇಕಾದರೆ ಮೊದಲು ಮೊಬೈಲ್ ನಂಬರ್ ಕೊಡಬೇಕು ಎಂಬುದು ಇನ್ನೊಂದು ಕಾಟ. ನಂಬರ್ ಕೊಟ್ಟ ಮೇಲೆ ಹತ್ತಿ ಬಿಡಿಸುವ ಹೊಲದಲ್ಲೂ ಫೋನ್ ನಿಲ್ಲುವುದಿಲ್ಲ. ಆ ಕಡೆಯವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾರೆ, ಈ ಕಡೆಯವರು ‘ಹೂಂ’ ಎನ್ನುತ್ತಾರೆ, ಆ ‘ಹೂಂ’ ಒಪ್ಪಿಗೆಯಾಗಿ ದಾಖಲಾಗುತ್ತದೆ. ನಂಬರ್ ಕೊಡದೆಯೇ ದರ ನೋಡುವಂತಾಗಲಿ. ಫೋನಿನಲ್ಲಿ ಪಾಲಿಸಿ ಮಾರುವುದಾದರೆ ಗ್ರಾಹಕರು ಆರಿಸಿದ ಭಾಷೆಯಲ್ಲೇ ಮಾತುಕತೆ ನಡೆದು ಅದರ ಧ್ವನಿಮುದ್ರಿಕೆ ಗ್ರಾಹಕರಿಗೂ ಸಿಗಲಿ.

ಪಟ್ಟಿಯಲ್ಲಿ ಮೊದಲು ನಿಂತ ಪಾಲಿಸಿ ಮೊದಲು ನಿಂತದ್ದು ಯಾಕೆ? ತಮ್ಮದೇ 2017ರ ವೆಬ್ ಅಗ್ರಿಗೇಟರ್ (ಹೋಲಿಕೆ ತಾಣ) ನಿಯಮಗಳು ಪಾಲಿಸಿಗಳಿಗೆ ರ‍್ಯಾಂಕ್, ರೇಟಿಂಗ್ ಕೊಡುವುದನ್ನು ತಡೆದಿದ್ದವು. ದೇಶದ ದೊಡ್ಡ ತಾಣ ಪಾಲಿಸಿಬಜಾರ್‌ಗೆ 2025ರ ಆಗಸ್ಟ್‌ನಲ್ಲಿ ತಾವು 5 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಆಧಾರ ತಿಳಿಸದೆ ಕೆಲವು ಪಾಲಿಸಿಗಳನ್ನು ಉತ್ತಮವೆಂದು ಬಿಂಬಿಸಿದ್ದೂ ಕಾರಣಗಳಲ್ಲಿ ಒಂದಾಗಿತ್ತು. ತಪಾಸಣೆ ನಡೆದದ್ದು 2020ರಲ್ಲಿ, ಆದೇಶ ಬಂದದ್ದು ಐದು ವರ್ಷಗಳ ನಂತರ. ಆ ನಡುವೆ ಪಟ್ಟಿ ನಂಬಿ ಪಾಲಿಸಿ ಕೊಂಡವರಿಗೆ ಆ ದಂಡದಿಂದ ಏನೂ ಸಿಗಲಿಲ್ಲ. ಪ್ರತಿ ಪಾಲಿಸಿಯ ಮೇಲೆ ತಾಣಕ್ಕೆ ಸಿಗುವ ಕಮಿಷನ್ ಎಷ್ಟು ಎಂಬುದನ್ನು ಪಟ್ಟಿಯಲ್ಲೇ ರೂಪಾಯಿಗಳಲ್ಲಿ ಬರೆಯಿಸುವುದಕ್ಕಿಂತ ಸುಲಭದ ಮದ್ದು ನಮಗೆ ಕಾಣುತ್ತಿಲ್ಲ.

ಭಾಷೆಯ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬೆಳೆ ವಿಮೆಗೆ ಕರ್ನಾಟಕ ಸರ್ಕಾರದ ‘ಸಂರಕ್ಷಣೆ’ ಪೋರ್ಟಲ್ ಕನ್ನಡದಲ್ಲಿದೆ. ತೊಗರಿಗೆ ಶೇ 2, ವಾಣಿಜ್ಯ ಬೆಳೆಯಾದ ಹತ್ತಿಗೆ ಶೇ 5 ಎಂದು ರೈತರ ಪಾಲಿನ ಕಂತನ್ನು ಅಲ್ಲೇ ಲೆಕ್ಕ ಹಾಕಿ ನೋಡಬಹುದು. ವಿಚಿತ್ರವೆಂದರೆ ಬೆಳೆ ವಿಮೆಯಲ್ಲಿ ಜಿಲ್ಲೆಗೆ ಒಂದೇ ಕಂಪನಿ, ಹೋಲಿಸಲು ಎರಡನೆಯದಿಲ್ಲ, ಆದರೂ ಕನ್ನಡವಿದೆ. ಹತ್ತಾರು ಕಂಪನಿಗಳು ಪೈಪೋಟಿಗೆ ನಿಂತ ಆರೋಗ್ಯ ವಿಮೆಯ ಷರತ್ತುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. 2024ರ ಜನವರಿ 1ರಿಂದ ಜಾರಿಯಾದ ಗ್ರಾಹಕ ಮಾಹಿತಿ ಹಾಳೆಯನ್ನು ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ತಾವೇ ಹೇಳಿದ್ದೀರಿ. ಕೇಳಬಹುದು ಎಂಬುದೇ ಗೊತ್ತಿಲ್ಲದವರು ಕೇಳುವುದು ಹೇಗೆ? ಕರ್ನಾಟಕದ ಪಿನ್‌ಕೋಡ್ ಹಾಕಿದ ಕೂಡಲೇ ಆ ಹಾಳೆ ತಾನಾಗಿ ಕನ್ನಡದಲ್ಲಿ, ಹಣ ಕಟ್ಟುವುದಕ್ಕೆ ಮೊದಲೇ ತೆರೆದುಕೊಳ್ಳಬೇಕು. ಪಾಲಿಸಿ ಕೈಗೆ ಬಂದ 30 ದಿನಗಳಲ್ಲಿ ಬೇಡವೆಂದು ಹಿಂದಿರುಗಿಸಬಹುದು, ದೂರಿಗೆ ಪ್ರಾಧಿಕಾರದ ಸಹಾಯವಾಣಿ 155255, ಅಲ್ಲಿಯೂ ಆಗದಿದ್ದರೆ ಶುಲ್ಕವಿಲ್ಲದೆ ಬೆಂಗಳೂರಿನ ವಿಮಾ ಲೋಕಪಾಲರು ಎಂಬ ಮಾಹಿತಿಯೂ ಆ ಹಾಳೆಯ ತಲೆಯಲ್ಲೇ ಇರಲಿ.

ಬಿಮಾ ಸುಗಮ್ ವೇದಿಕೆಯ ನಿಯಮಗಳನ್ನು 2024ರ ಮಾರ್ಚ್‌ನಲ್ಲಿ ತಾವು ಹೊರಡಿಸಿದ್ದೀರಿ. ಲಾಭದ ಉದ್ದೇಶವಿಲ್ಲದ ಸಂಸ್ಥೆ ಎಂಬುದು ಸಮಾಧಾನದ ವಿಷಯ. ಆದರೆ ಅದರ ಷೇರುದಾರರು ವಿಮಾ ಕಂಪನಿಗಳೇ. ಅಂಗಡಿಯವರೇ ತಕ್ಕಡಿಯನ್ನೂ ಪರೀಕ್ಷಿಸಿದಂತೆ. ಅದರ ಆಡಳಿತ ಮಂಡಳಿಯಲ್ಲಿ ಗ್ರಾಮೀಣ ಪಾಲಿಸಿದಾರರ ಪ್ರತಿನಿಧಿಗೆ ಸ್ಥಾನ ಕೊಡಬೇಕು. ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಾವು ಯೋಜಿಸಿರುವ, ವಿಮೆ ತಲುಪಿಸುವ ಬಿಮಾ ವಾಹಕ ಮಹಿಳೆಯರನ್ನು ನಮ್ಮ ತಾಲ್ಲೂಕಿನಲ್ಲಿ ನೇಮಿಸುವಾಗ, ಈ ವೇದಿಕೆಯ ಹೋಲಿಕೆಯನ್ನು ಕನ್ನಡದಲ್ಲಿ ಓದಿ ತಿಳಿಸುವ ತರಬೇತಿಯನ್ನೂ ಕೊಡಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ತಹಶೀಲ್ದಾರರ ಕಚೇರಿಗೆ ಕನ್ನಡದಲ್ಲಿ ತಿಳಿಸಿ, ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಡಗೇರಾ ತಾಲ್ಲೂಕಿನ ನಾಗರಿಕರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ.